ನಿಲ್ಲಿಸಿದ ಗಾಡಿಗೆ ಬಾಡಿಗೆ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಮಾವ ಶುರು ಮಾಡಿದ್ದು, ಆಗ ಬರೀ ಜೀಪಿನ ಕೆಲಸ, ಈಗ ನಮ್ಮವರು ಮತ್ತೆ ಇಬ್ಬರು ಹುಡುಗರು ಸೇರಿ ಕಾರು, ಆಟೋ, ಪಿಕಪ್ ಎಲ್ಲ ನೋಡ್ತಾರೆ. ನನ್ನದು ಲೆಕ್ಕ, ಬಿಲ್ ಬರೆಯೋದು, ಸ್ಪೇರ್ ಅಂಗಡಿಗೆ ಫೋನ್ ಮಾಡೋದು. ಒಟ್ಟು ಜಾಗ 10 ಸೆಂಟ್, ಅದ್ರಲ್ಲಿ ಶೆಡ್ಡಿಗೇ 4 ಸೆಂಟ್ ಹೋಗ್ತದೆ, ಉಳಿದ ಅಂಗಳದಲ್ಲೇ ಗಾಡಿ ನಿಲ್ಲಿಸ್ಬೇಕು, ತಿರುಗಿಸ್ಬೇಕು, ತೊಳೀಬೇಕು.

2022ರ ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಆ ಅಂಗಳದಲ್ಲಿ 9 ಗಾಡಿ ಕೇಳುವವರಿಲ್ಲದೆ ನಿಂತಿತ್ತು. ಎರಡು ಓಮ್ನಿ, ಒಂದು ಮಾರುತಿ 800, ಒಂದು ಆಪೆ ಆಟೋ, ಒಂದು ಜೀಪು, ಮತ್ತೆ ನಾಲ್ಕು ಬೈಕು ಸ್ಕೂಟರ್. ಕೆಲವು ಕೆಲಸ ಮುಗಿದದ್ದು, ಕೆಲವು ಎಸ್ಟಿಮೇಟ್ ಕೇಳಿ "ನಾಳೆ ಹೇಳ್ತೇನೆ" ಅಂತ ಹೋದವರದ್ದು, ಆ ನಾಳೆ ವರ್ಷವಾದ್ರೂ ಬರ್ಲಿಲ್ಲ. ಹೊಸ ಕೆಲಸಕ್ಕೆ ಬಂದ ಗಾಡಿ ರಸ್ತೆ ಬದಿ ನಿಲ್ಲಿಸೋದು, ಬಸ್ಸಿನವರು ಹಾರ್ನ್ ಹಾಕೋದು, ಒಂದು ಸಲ ಒಬ್ಬರ ಹೊಸ ಕಾರಿನ ಕನ್ನಡಿ ಲಾರಿ ತಾಗಿ ಹೋಯ್ತು, ಅದರ ದುಡ್ಡು ನಾವೇ ಕೊಟ್ಟದ್ದು.

ನಿಂತ ಗಾಡಿ ಹಾಳಾಗೋದಿಲ್ಲ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಓಡುವ ಗಾಡಿಗಿಂತ ನಿಂತ ಗಾಡಿಯೇ ಬೇಗ ಹೋಗೋದು, ಅದೂ ನಮ್ಮ ಕಡೆಯ ಮಳೆಗೆ. ಬ್ಯಾಟರಿ ಎರಡು ಮೂರು ತಿಂಗಳಲ್ಲಿ ಸತ್ತು ಹೋಗ್ತದೆ, ಡ್ರಮ್ಮಿಗೆ ತುಕ್ಕು ಹಿಡಿದು ಬ್ರೇಕ್ ಜಾಮ್ ಆಗ್ತದೆ, ಟೈರು ನಿಂತ ಕಡೆ ಚಪ್ಪಟೆ ಆಗಿ ಬಿರುಕು ಬಿಡ್ತದೆ. ಹಲಸಿನ ಎಲೆ ಬಿದ್ದು ಗ್ಲಾಸಿನ ಕೆಳಗೆ ನೀರು ಹೋಗುವ ತೂತು ಕಟ್ತದೆ, ಮತ್ತೆ ಆ ನೀರು ಸೀದಾ ಒಳಗೆ, ಮ್ಯಾಟಿನ ಅಡಿಯಲ್ಲಿ ನಿಂತು ಫ್ಲೋರ್ ತೂತಾಗುವವರೆಗೆ ಯಾರಿಗೂ ಗೊತ್ತಾಗೋದಿಲ್ಲ. ಇಲಿಯ ವಿಷಯ ಹೇಳುವುದೇ ಬೇಡ. ಸುತ್ತ ಅಡಿಕೆ ತೋಟ, ಮಳೆ ಶುರುವಾದ ಕೂಡ್ಲೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಬಂದು ಗೂಡು ಮಾಡ್ತವೆ, ವೈರಿಂಗ್ ಕಡಿದು ಚೂರು ಚೂರು ಮಾಡ್ತವೆ.

ನಾನು ಬಾಡಿಗೆಯ ಮಾತು ಎತ್ತಿದ್ದು ಮಾತ್ರ ಸೊಳ್ಳೆಯಿಂದ. ಪಂಚಾಯ್ತಿನ ಆರೋಗ್ಯದವರು ಡೆಂಗ್ಯೂ ಅಂತ ಮನೆ ಮನೆ ನೋಡ್ಕೊಂಡು ಬಂದಿದ್ರು, ಬೈಕಿನ ಹರಿದ ಸೀಟಿನ ಮೇಲೆ, 800ರ ಡಿಕ್ಕಿಯಲ್ಲಿ, ಹಳೇ ಟೈರಲ್ಲಿ ನೀರು ನಿಂತದ್ದನ್ನು ಟಾರ್ಚ್ ಹಾಕಿ ತೋರಿಸಿದ್ರು, ಹುಳ ಸರಸರ ಓಡಾಡ್ತಾ ಇತ್ತು. ಪಕ್ಕದ ಮನೆಯಲ್ಲಿ ಸಣ್ಣ ಮಗು ಉಂಟು. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ಯಾರದ್ದೋ ಗಾಡಿ, ಯಾರೋ ಬಿಟ್ಟು ಹೋದದ್ದು, ಆ ಮಗುವಿಗೆ ಏನಾದ್ರೂ ಆದ್ರೆ ಉತ್ತರ ಕೊಡೋದು ಯಾರು.

ನಮ್ಮವರಿಗೆ ಹೇಳಿದೆ, ದಿನಕ್ಕೆ ಇಷ್ಟು ಅಂತ ಬಾಡಿಗೆ ಹಾಕುವ. ಅವ್ರು ಒಪ್ಲಿಲ್ಲ. "ಪರಿಚಯದವರು, ಮದುವೆ ಮುಂಜಿಯಲ್ಲಿ ಮೋರೆ ನೋಡುವವರು, ನಿಲ್ಲಿಸಿದ ಗಾಡಿಗೆ ಹೇಗೆ ದುಡ್ಡು ಕೇಳೋದು" ಅಂದ್ರು. ಮಾವನ ಕಾಲದಿಂದಲೂ ಹೀಗೇ. ಯಾರಿಗೂ ಎರಡನೇ ಸಲ ಫೋನ್ ಮಾಡಿ ಬಾಕಿ ಕೇಳಿದವರಲ್ಲ ಮಾವ, ದಾಕ್ಷಿಣ್ಯ. ಮಾವನ ಕಾಲದಲ್ಲಿ ಅದು ನಡೀತಾ ಇತ್ತು, ಆಗ ಗಾಡಿಗಳೇ ಕಡಿಮೆ, ಒಂದು ಜೀಪು ಇಲ್ಲದಿದ್ರೆ ಇಡೀ ಊರಿನ ಕೆಲಸ ನಿಲ್ತಿತ್ತು, ಯಾರೂ ಬಿಟ್ಟು ಹೋಗ್ತಿರ್ಲಿಲ್ಲ.

ನಮ್ಮ ಅಣ್ಣನ ಪರಿಚಯದ ವಕೀಲರೊಬ್ರು ಕಾಸರಗೋಡಲ್ಲಿ ಇದ್ದಾರೆ, ಅವರ ಹತ್ರ ಹೋಗಿ ಕೇಳಿದ್ವಿ. ಅಲ್ಲಿ ಹೋದ ಮೇಲೆ ಗೊತ್ತಾದದ್ದು ನಾವು ತಿಳ್ಕೊಂಡದ್ದು ಅರ್ಧ ತಪ್ಪು ಅಂತ. 1872ರ ಕರಾರು ಕಾಯ್ದೆಯಲ್ಲಿ 170ನೇ ಸೆಕ್ಷನ್ ಉಂಟಂತೆ, ವಸ್ತುವಿನ ಮೇಲೆ ನಾವು ಶ್ರಮ ಹಾಕಿ ಕೆಲಸ ಮಾಡಿದ್ರೆ, ಅದರ ಕೂಲಿ ಸಿಗುವವರೆಗೆ ಆ ವಸ್ತುವನ್ನು ಕೊಡದೆ ಇಟ್ಕೊಳ್ಳುವ ಹಕ್ಕು ನಮಗುಂಟು. ಇಟ್ಕೊಳ್ಳುವ ಹಕ್ಕು ಮಾತ್ರ, ಮಾರುವ ಹಕ್ಕಲ್ಲ. ಆರ್‌ಸಿ ಅವರ ಹೆಸರಲ್ಲಿ ಇರ್ತದೆ, 29, 30ನೇ ನಂಬ್ರದ ಫಾರ್ಮಿಗೆ ಅವರ ಸೈನ್ ಇಲ್ಲದೆ ಹೆಸರು ಬದಲಾಗುದಿಲ್ಲ, ಗುಜರಿಯವನಿಗೆ ಕೊಟ್ಟು ಕತ್ತರಿಸಿ ಹಾಕಿದ್ರೆ ನಾಳೆ ಓನರು ಬಂದು ಕಳ್ಳತನ ಅಂತ ಕಂಪ್ಲೇಂಟ್ ಕೊಡ್ಬಹುದು. ಬಾಡಿಗೆಯ ಬಗ್ಗೆ ಅವರು ಹೇಳಿದ್ದು ಇನ್ನೂ ಮುಖ್ಯ: ಗಾಡಿ ಬಿಟ್ಟು ಹೋಗುವಾಗ ಹೇಳದೆ, ಒಪ್ಪಿಗೆ ತಗೊಳ್ಳದೆ, ವರ್ಷ ಕಳೆದ ಮೇಲೆ ಹಿಂದಿನ ದಿನಗಳಿಗೆಲ್ಲ ಲೆಕ್ಕ ಹಾಕಿ ಕೇಳಿದ್ರೆ ಅದು ನಿಲ್ಲೋದಿಲ್ಲ. ಮೊದಲು ತಿಳಿಸಿ, ಸಮಯ ಕೊಡಿ, ಆಮೇಲೆ ಎಣಿಸಿ. ಇನ್ನೊಂದು 151ನೇ ಸೆಕ್ಷನ್, ನಮ್ಮ ಕೈಯಲ್ಲಿರುವ ಬೇರೆಯವರ ವಸ್ತುವನ್ನು ನಮ್ಮದೇ ವಸ್ತುವಿನ ಹಾಗೆ ಜಾಗ್ರತೆಯಿಂದ ನೋಡ್ಕೊಳ್ಬೇಕು. ಆ ಕೊನೆಯ ಮಾತು ನಂಗೆ ತುಂಬಾ ತಾಗಿತು, ನಾವು ಬಿಟ್ಟು ಹೋದವರ ತಪ್ಪನ್ನೇ ಎಣಿಸ್ತಾ ಇದ್ವಿ, ಅಂಗಳದಲ್ಲಿ ಕೊಳೀತಾ ಇರುವ ಗಾಡಿಗಳನ್ನು ನೋಡ್ಕೊಳ್ಳುವ ಕೆಲಸ ನಮ್ಮದೂ ಹೌದು ಅಂತ ಯೋಚನೆ ಮಾಡಿರ್ಲಿಲ್ಲ.

ವಕೀಲರು ಇಂಗ್ಲಿಷಿನಲ್ಲಿ ಒಂದು ನೋಟೀಸ್ ಮಾಡಿ ಕೊಡ್ತೇನೆ ಅಂದ್ರು. ಬೇಡ, ನಾನೇ ಬರೀತೇನೆ ಅಂದೆ. ಕನ್ನಡದವರಿಗೆ ಕನ್ನಡದಲ್ಲಿ, ಮಲಯಾಳದವರಿಗೆ ನಮ್ಮ ಹುಡುಗನ ಕೈಯಲ್ಲಿ ಮಲಯಾಳದಲ್ಲಿ ಬರೆಸಿದೆ. ನಿಮ್ಮ ಗಾಡಿ ಇಂಥಾ ದಿನದಿಂದ ಇಲ್ಲಿ ಉಂಟು, ಬಾಕಿ ಇಷ್ಟು, ಜೂನ್ 15ರೊಳಗೆ ಬನ್ನಿ ಅಥವಾ ಫೋನ್ ಮಾಡಿ, 16ರಿಂದ ದಿನಕ್ಕೆ ಬೈಕಿಗೆ 20, ಆಟೋಗೆ 40, ಕಾರಿಗೂ ಜೀಪಿಗೂ 60 ರೂಪಾಯಿ ಬಾಡಿಗೆ. ಕೆಳಗೆ ಒಂದು ಸಾಲು, "ದುಡ್ಡಿನ ತೊಂದರೆ ಇದ್ದರೆ ಬಂದು ಮಾತಾಡಿ." ಜೂನ್ 1ಕ್ಕೆ ಒಂಬತ್ತೂ ಕಾಗದ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಯ್ತು.

ಒಂದು ವಾರದಲ್ಲಿ ಎರಡು ಬೈಕು, 800, ಒಂದು ಓಮ್ನಿ ಹೋಯ್ತು. ಇಷ್ಟು ಸುಲಭ ಅಂತ ನಾನು ಎಣಿಸಿರ್ಲಿಲ್ಲ. ಒಬ್ಬರಿಗೆ ಗಾಡಿ ಇನ್ನೂ ನಮ್ಮಲ್ಲಿ ಉಂಟು ಅನ್ನೋದೇ ಗೊತ್ತಿರ್ಲಿಲ್ಲ, ಮಗ ಗಲ್ಫಿಗೆ ಹೋಗುವಾಗ ಬಿಟ್ಟದ್ದು, ಅವನು ಅದನ್ನು ಮಾರಿದ್ದಾನೆ ಅಂತ ಅಪ್ಪ ಎಣಿಸಿದ್ರಂತೆ.

ಆಟೋದವರು ಬಂದದ್ದು ಜುಲೈ 22ಕ್ಕೆ. ಆಟಿ ತಿಂಗಳ ಮಳೆ, ಹಗಲಿಗೇ ಶೆಡ್ಡಲ್ಲಿ ಲೈಟ್ ಹಾಕಿದ್ವಿ. ಕೊಡೆ ಮಡಚಿ ಹೊರಗೇ ನಿಂತಿದ್ರು, ಒಳಗೆ ಬನ್ನಿ ಅಣ್ಣ ಅಂತ ಎರಡು ಸಲ ಕರೆದ ಮೇಲೆ ಬಂದ್ರು. ಅವರ ಆಪೆ 2021ರ ಅಕ್ಟೋಬರಲ್ಲಿ ಕೆಲಸ ಮುಗಿದದ್ದು, ಇಂಜಿನ್ ಬೋರ್ ಮಾಡಿಸಿ ಪಿಸ್ಟನ್ ರಿಂಗು ಕ್ಲಚ್ ಪ್ಲೇಟ್ ಎಲ್ಲ ಹೊಸತು, ಬಿಲ್ 16,800, ಅಡ್ವಾನ್ಸ್ 4,000 ಕೊಟ್ಟಿದ್ರು. ಬಾಕಿ 12,800. ಆಗ ಎರಡು ಸಲ ಫೋನ್ ಮಾಡಿದ್ವಿ, ತೆಗೀಲಿಲ್ಲ, ನಮ್ಮವರು "ಬರ್ತಾರೆ ಬಿಡು" ಅಂದ್ರು, ಅಲ್ಲಿಗೆ ಬಿಟ್ವಿ.

ಬೆಂಚಲ್ಲಿ ಕೂತು ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಮತ್ತೆ ಹೇಳಿದ್ರು, ಲಾಕ್‌ಡೌನಲ್ಲಿ ಶಾಲೆ ಮಕ್ಕಳ ಟ್ರಿಪ್ ನಿಂತು ಹೋಗಿತ್ತು, ಮತ್ತೆ ಶುರುವಾಗುವಾಗ್ಲೇ ಇಂಜಿನ್ ಹೋಯ್ತು, ಸೊಸೈಟಿ ಸಾಲ ಕೇಳಿದ್ದು ಸಿಗ್ಲಿಲ್ಲ. ಬಾಕಿ ದುಡ್ಡಿಲ್ಲದೆ ಹೇಗೆ ಬರೋದು ಅಂತ ಬರ್ಲಿಲ್ಲ. ಅಡಿಕೆ ಸುಲೀಲಿಕ್ಕೆ ಹೋಗ್ತಾ ಇದ್ರಂತೆ, ಮಳೆಗಾಲದಲ್ಲಿ ಅದೂ ಇಲ್ಲ. "ಅಕ್ಕ, ನಿಮ್ಮ ಅಂಗಡಿ ದಾಟುವಾಗ ನಾನು ಬಸ್ಸಲ್ಲಿ ಆಚೆ ಬದಿಯ ಸೀಟಲ್ಲಿ ಕೂರ್ತಿದ್ದೆ" ಅಂದ್ರು.

ಅದು ಕೇಳಿ ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಇಂಜಿನ್ ಹೊಸತಾಗಿ ಓಡ್ಲಿಕ್ಕೆ ತಯಾರಾಗಿದ್ದ ಆಟೋ, ಅದನ್ನು ಓಡಿಸಿ ದುಡಿದು ಅದರ ಬಾಕಿ ತೀರಿಸ್ಬಹುದಿದ್ದ ಮನುಷ್ಯ, ಇಬ್ಬರ ಮಧ್ಯೆ ಎರಡು ಕಿಲೋಮೀಟರ್ ರಸ್ತೆ, 9 ತಿಂಗಳು. ಅವರು ದಾಕ್ಷಿಣ್ಯದಿಂದ ಬರ್ಲಿಲ್ಲ, ನಾವು ದಾಕ್ಷಿಣ್ಯದಿಂದ ಕೇಳ್ಲಿಲ್ಲ. ಮೊದಲ ವಾರದಲ್ಲೇ ನಾವೊಮ್ಮೆ ಅವರ ಮನೆಗೆ ಹೋಗಿ "ಕಂತಲ್ಲಿ ಕೊಡಿ, ಗಾಡಿ ತಗೊಂಡು ಹೋಗಿ" ಅಂದಿದ್ರೆ ಅವರ ಮನೆಯಲ್ಲಿ ಆ 9 ತಿಂಗಳು ಬೇರೆ ಥರ ಇರ್ತಿತ್ತು. ಈಗ ನೋಡಿದ್ರೆ ಇನ್ಶೂರೆನ್ಸ್ ಮುಗಿದಿತ್ತು, ಫಿಟ್ನೆಸ್ ಮುಗಿದಿತ್ತು, ಬ್ಯಾಟರಿ ಹೋಗಿತ್ತು, ಸೀಟಿನ ಅಡಿಯ ವೈರಿಂಗ್ ಇಲಿ ತಿಂದಿತ್ತು.

ಕಿಸೆಯಿಂದ ನಾನು ಬರೆದ ಕಾಗದ ತೆಗೆದ್ರು, ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಟ್ಟಿದ್ರು. ಕೊನೆಯ ಸಾಲು ಹೆಂಡತಿ ಓದಿ ಹೇಳಿದ್ಳಂತೆ, ಹೋಗಿ ಮಾತಾಡಿ ಅಂತ. ಇಂಗ್ಲಿಷಲ್ಲಿ ಬಂದಿದ್ರೆ ಕೋರ್ಟಿನದ್ದು ಅಂತ ಹೆದರಿ ಬರ್ತಿರ್ಲಿಲ್ಲ ಅಂದ್ರು. ಕಾಗದದ ಒಟ್ಟಿಗೆ 3,000 ರೂಪಾಯಿ ಇತ್ತು.

ಜೂನ್ 16ರಿಂದ ಆವತ್ತಿಗೆ 37 ದಿನ, 40ರ ಲೆಕ್ಕದಲ್ಲಿ 1,480. ನಮ್ಮವರು ಕಣ್ಣಲ್ಲೇ ಹೇಳಿದ್ರು, ಬಾಡಿಗೆ ಬೇಡ ಅಂತ. ನಂಗೂ ಮನಸ್ಸು ಹಾಗೇ ಇತ್ತು. ಆದ್ರೂ ತಗೊಂಡೆ, ಯಾಕೆ ಅಂದ್ರೆ ಹಿಂದಿನ ತಿಂಗಳು ಬೈಕಿನವರಲ್ಲಿ ಒಬ್ಬ 5 ದಿನ ತಡವಾಗಿ ಬಂದ ಹುಡುಗನಿಂದ 100 ರೂಪಾಯಿ ತಗೊಂಡಿದ್ದೆ, ಅವನೂ ಇದ್ದವರ ಮನೆಯವನಲ್ಲ, ಮೋರೆ ನೋಡಿ ಒಬ್ಬರಿಗೆ ಒಂದು ಲೆಕ್ಕ ಇನ್ನೊಬ್ಬರಿಗೆ ಒಂದು ಲೆಕ್ಕ ಮಾಡ್ಲಿಕ್ಕೆ ಹೊರಟ್ರೆ ಬರೆದ ಕಾಗದಕ್ಕೆ ಬೆಲೆ ಇಲ್ಲ. 1,480 ಬಾಡಿಗೆಗೆ, ಉಳಿದ 1,520 ಬಿಲ್ಲಿಗೆ, ಬಾಕಿ 11,280 ಅಂತ ರಶೀದಿ ಬರೆದು ಕೊಟ್ಟೆ. ಹಾಗೇ ವೈರಿಂಗ್ ಪೂರ್ತಿ ನಮ್ಮ ಖರ್ಚಲ್ಲಿ ಮಾಡಿ ಕೊಡ್ತೇವೆ ಅಂದೆ. ಅವರು ಬೇಡ ಬೇಡ ಅಂದ್ರು. ದಾನ ಅಲ್ಲ ಅಣ್ಣ, ನಮ್ಮ ಅಂಗಳದಲ್ಲಿ ಇದ್ದಾಗ ಇಲಿ ತಿಂದದ್ದು, ಬಾಡಿಗೆ ತಗೊಂಡ ಮೇಲೆ ಅದು ನಮ್ಮ ಮೇಲೆಯೇ ಬರ್ತದೆ ಅಂತ ಹೇಳಿದೆ. ನಮ್ಮವರು ಅಲ್ಲಿಂದ ಎದ್ದು ಆಟೋದ ಸೀಟ್ ಬಿಚ್ಚಲಿಕ್ಕೆ ಶುರು ಮಾಡಿದ್ರು, ನನ್ನ ಹತ್ರ ಒಂದು ಗಂಟೆ ಮಾತಾಡ್ಲಿಲ್ಲ, ಸಂಜೆ ಚಾ ಕುಡಿಯುವಾಗ "ನೀನು ಮಾಡಿದ್ದು ಸರಿ ಇರ್ಬಹುದು" ಅಂದ್ರು.

ಬೇರೆ ಗಾಡಿಯ ಒಂದು ಹಳೇ ಬ್ಯಾಟರಿ ಚಾರ್ಜ್ ಮಾಡಿ ಹಾಕಿ ಕೊಟ್ವಿ. ಇನ್ಶೂರೆನ್ಸ್ ಕಟ್ಟಿ, ಮತ್ತೆ ಫಿಟ್ನೆಸ್ ಮಾಡಿಸಿ ಆಟೋ ಬಾಡಿಗೆಗೆ ಇಳಿಯುವಾಗ ಚೌತಿ ಹತ್ತಿರ ಬಂದಿತ್ತು. ತಿಂಗಳಿಗೆ ಕೆಲವು ಸಲ 1,500, ಕೆಲವು ಸಲ 1,000, ಮುಂದಿನ ಏಪ್ರಿಲಲ್ಲಿ ವಿಷು ಹೊತ್ತಿಗೆ ಬಾಕಿ ಪೂರ್ತಿ ಮುಗಿಸಿದ್ರು.

ಜೀಪಿನದ್ದು ಬೇರೆ ಕಥೆ. ಕೆಎ 21 ನಂಬ್ರ, ಗಡಿಯ ಆಚೆ ಕರ್ನಾಟಕದ ವಿಟ್ಲ ಕಡೆಯವರು, 2020ರ ಫೆಬ್ರವರಿಯಲ್ಲಿ ಬಿಟ್ಟದ್ದು. ಮಾರ್ಚಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದ್ರು, ಒಳದಾರಿಗಳಿಗೂ ಮಣ್ಣು ತಂದು ಸುರಿದ್ರು, ಮಂಗಳೂರು ಆಸ್ಪತ್ರೆ ನಂಬಿದ್ದ ನಮ್ಮ ಕಡೆಯವರು ಆಗ ಪಟ್ಟ ಪಾಡು ಎಲ್ಲರಿಗೂ ಗೊತ್ತುಂಟು. ಆ ತಿಂಗಳುಗಳಲ್ಲಿ ಅವರು ಬರ್ಲಿಕ್ಕೆ ಸಾಧ್ಯವೇ ಇರ್ಲಿಲ್ಲ, ಅದು ನಿಜ, ಆದ್ರೆ ದಾರಿ ತೆರೆದ ಮೇಲೂ ಒಂದೂವರೆ ವರ್ಷ ಬರ್ಲಿಲ್ಲ. ಆಗಸ್ಟಲ್ಲಿ ಇಬ್ಬರನ್ನು ಕರ್ಕೊಂಡು ಬಂದು, ಬಾಡಿಗೆ ಎಂತದ್ದು ಮಾರಾಯ್ರೆ, ಬ್ಯಾಟರಿ ನೀವೇ ತೆಗೆದಿದ್ದೀರಿ, ಟೈರ್ ಬದಲಾಯಿಸಿದ್ದೀರಿ ಅಂತ ದೊಡ್ಡ ಸ್ವರ ಮಾಡಿದ್ರು. ನಾನು ಗಾಡಿ ಬಂದ ದಿನದ ಜಾಬ್ ಕಾರ್ಡ್ ಮುಂದೆ ಇಟ್ಟೆ, ಅದರಲ್ಲಿ ಬ್ಯಾಟರಿ ನಂಬ್ರ, ಟೈರಿನ ಕಂಪೆನಿ, ಕಿಲೋಮೀಟರ್ ಎಲ್ಲ ಬರೆದು ಅವರದ್ದೇ ಸೈನ್ ಇತ್ತು. ಮಾತು ಅಲ್ಲಿಗೆ ಮುಗೀತು, ದುಡ್ಡು ಕೊಟ್ಟು ಜೀಪನ್ನು ಕಟ್ಟಿ ಎಳ್ಕೊಂಡು ಹೋದ್ರು. ಸ್ವಂತ ವರ್ಕ್‌ಶಾಪ್ ಇರುವವರು ಯಾರಾದ್ರೂ ಇದನ್ನು ಓದ್ತಾ ಇದ್ರೆ ಒಂದು ಮಾತು, ಗಾಡಿ ಒಳಗೆ ತಗೊಳ್ಳುವ ಆ 5 ನಿಮಿಷ ಬರೆಯೋದಕ್ಕೆ ಕೊಡಿ, ಈಗ ನಾವು ನಾಲ್ಕೂ ಕಡೆಯಿಂದ ಫೋಟೋ ಕೂಡ ತೆಗೀತೇವೆ.

ಜಾಬ್ ಕಾರ್ಡಲ್ಲಿ ಈಗ ಬಾಡಿಗೆಯ ಸಾಲು ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿದ್ದೇವೆ, ಕೆಲಸ ಮುಗಿದು ಫೋನ್ ಮಾಡಿ 15 ದಿನ ಕಳೆದ ಮೇಲೆ ದಿನಕ್ಕೆ ಇಷ್ಟು. ಅಚ್ಚಾದದ್ದನ್ನು ಯಾರೂ ಓದೋದಿಲ್ಲ, ಅದಕ್ಕೆ ನಾನೇ ಓದಿ ಹೇಳ್ತೇನೆ, ಮತ್ತೆ ಸೈನ್. ಕೆಲವರು ಬೇಜಾರು ಮಾಡ್ಕೊಂಡು ಬೇರೆ ಕಡೆ ಹೋಗಿದ್ದಾರೆ. 7ನೇ ದಿನ ಒಂದು ಫೋನ್, ಅದರಲ್ಲಿ ಬಾಡಿಗೆಯ ಮಾತಿಲ್ಲ, ಯಾಕೆ ಬರ್ಲಿಲ್ಲ, ದುಡ್ಡಿನದ್ದಾ, ಕಂತು ಮಾಡುವನಾ ಅಂತ ಮಾತ್ರ. ಫೋನ್ ತೆಗೀದಿದ್ರೆ ನಮ್ಮವರು ಅವರ ಮನೆ ಕಡೆ ಹೋದಾಗ ನಿಂತು ಕೇಳಿ ಬರ್ತಾರೆ. ಅವರೇ ಹೋಗೋದು, ನಾನು ಹೇಳಿ ಅಲ್ಲ.

ಒಂಬತ್ತರಲ್ಲಿ ಒಂದು ಸ್ಕೂಟರ್ ಓನರಿನ ತಮ್ಮ ಬಂದು ತಗೊಂಡು ಹೋದ. ಒಂದು ಓಮ್ನಿ ಇನ್ನೂ ಉಂಟು. ಅದರ ಕಾಗದ ವಾಪಸ್ ಬಂತು, ಆ ವಿಳಾಸದಲ್ಲಿ ಇಲ್ಲ ಅಂತ. ಅದರ ಬಾಡಿಗೆಯ ಲೆಕ್ಕ ಬರೆಯೋದನ್ನು ಬಿಟ್ಟಿದ್ದೇನೆ, ಕಾಗದವೇ ತಲುಪದವರ ಮೇಲೆ ಎಂತ ಲೆಕ್ಕ. ಮಳೆಗೆ ಮೊದಲು ನಾಲ್ಕೂ ಚಕ್ರದ ಅಡಿಗೆ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಮೇಲೆ ಟರ್ಪಾಲ್ ಕಟ್ತೇವೆ, ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ.