ಚೀನಾ, ಜಪಾನ್, ಕೊರಿಯಾ: ಮೂರನ್ನೂ ಒಂದೇ ಮಂಟಪಕ್ಕೆ ತರಬೇಡಿ

ಮದುವೆಯ ವ್ಯವಸ್ಥೆ ಮಾಡಿಸುವುದು ನನ್ನ ಕಸುಬು. ಅದಕ್ಕೂ ಮೊದಲು ಕೆಲವು ವರ್ಷ ಸಿಂಗಪುರದಲ್ಲಿದ್ದೆ ಎಂಬ ಸಂಗತಿ ಹೇಗೋ ಬಾಯಿಂದ ಬಾಯಿಗೆ ಹರಡಿ, ಈಗ ಆಗಾಗ ಯಾರಾದರೊಬ್ಬರು ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಚೈನೀಸ್, ಜಪಾನೀಸ್ ಥೀಮ್ ಇಟ್ಟುಕೊಂಡು ಮದುವೆ, ಆರತಕ್ಷತೆ ಮಾಡಿಸಬಹುದೇ? ಎಲ್ಲಿಂದ ಶುರು ಮಾಡಬೇಕು?"

ಕೇಳುವವರಲ್ಲಿ ಎರಡು ಪಂಗಡ. ಸಿಂಗಪುರದಲ್ಲೋ ತೈಪೆಯಲ್ಲೋ ಟೋಕಿಯೋದಲ್ಲೋ ಕೆಲಸಕ್ಕೆಂದು ಹೋದ ಮಗ ಅಥವಾ ಮಗಳು ಅಲ್ಲಿಯವರನ್ನೇ ಮೆಚ್ಚಿಕೊಂಡಿದ್ದಾರೆ, ಬೀಗರಿಗೆ ಮರ್ಯಾದೆ ಕಡಿಮೆಯಾಗಬಾರದು ಎಂದು ಕಾಳಜಿಪಡುವ ತಂದೆತಾಯಿಯರು ಒಂದು ಕಡೆ. ಕೊರಿಯಾದ ಧಾರಾವಾಹಿಗಳನ್ನು ನೋಡಿ ನೋಡಿ ತಾನೂ ಅಲ್ಲಿನ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್ ತೊಡಬೇಕು ಎನ್ನುವ ಇಲ್ಲಿಯವರೇ ಆದ ಹುಡುಗ ಹುಡುಗಿಯರು ಇನ್ನೊಂದು ಕಡೆ. ಇಬ್ಬರಿಗೂ ನನ್ನ ಮೊದಲ ಮಾತು ಒಂದೇ. ಮಾಡಿಸಬಹುದು, ಆದರೆ ಕೆಂಪು ಗೂಡುದೀಪಗಳಿಂದ ಶುರು ಮಾಡಬೇಡಿ. ಯಾವ ದೇಶ, ಯಾವ ಮನೆ ಎಂಬುದನ್ನು ಮೊದಲು ಹೇಳಿ. ಪೂರ್ವ ಏಷ್ಯಾ ಭೂಪಟದಲ್ಲಿದೆ, ಮದುವೆಮನೆಯಲ್ಲಿ ಇಲ್ಲ.

ಯಾಕೆ ಇಷ್ಟು ಹಟ ಎಂದರೆ, ಈ ಮೂರು ದೇಶಗಳ ಶಾಸ್ತ್ರಗಳು ಒಂದರ ಕಾಲನ್ನು ಇನ್ನೊಂದು ತುಳಿಯುತ್ತವೆ. ಜಪಾನಿನ ಸ್ವಂತ ಧರ್ಮವಾದ ಶಿಂತೊ ಪದ್ಧತಿಯಲ್ಲಿ ಮದುವೆಯಾಗುವ ಅಲ್ಲಿನ ವಧು ನೆತ್ತಿಯಿಂದ ಪಾದದವರೆಗೆ ಬಿಳಿಯನ್ನೇ ಉಡುತ್ತಾಳೆ, ತಲೆಯ ಮೇಲೆ ದೊಡ್ಡ ಬಿಳಿ ಮುಸುಕು ಬೇರೆ. ಹಳೆಯ ಕಾಲದ ಚೀನೀ ಅಜ್ಜಿಗೆ ಬಿಳಿ ಎಂದರೆ ಸೂತಕ. ಉಡುಗೊರೆಯ ಹಣವನ್ನು ಚೀನೀಯರು ಕೆಂಪು ಲಕೋಟೆಯಲ್ಲಿ, ಸಮಸಂಖ್ಯೆಯಲ್ಲಿ ಕೊಡುತ್ತಾರೆ. ಬಿಳಿ ಲಕೋಟೆ ಸಾವಿನ ಮನೆಗೆ. ಕೊರಿಯಾದಲ್ಲಿ ಮದುವೆಗೂ ಬಿಳಿ ಲಕೋಟೆಯೇ. ಜಪಾನಿನಲ್ಲಿ ಬಿಚ್ಚಲಾಗದ ಗಂಟು ಹಾಕಿದ ಅಲಂಕಾರದ ಲಕೋಟೆ, ಅದರೊಳಗೆ ಹೊಸ ನೋಟು, ಮೊತ್ತ ಬೆಸಸಂಖ್ಯೆಯಲ್ಲಿ. ಸಮಸಂಖ್ಯೆಯನ್ನು ಎರಡು ಪಾಲು ಮಾಡಬಹುದಲ್ಲ, ದಂಪತಿ ಪಾಲಾಗಬಾರದು ಎಂದು. 30,000 ಯೆನ್ ಸಾಮಾನ್ಯ. ಈ ವಿಷಯದಲ್ಲಿ 501 ರೂಪಾಯಿ ಇಡುವ ನಾವು ಜಪಾನಿನವರ ಪಕ್ಷ. ಅಂದಮೇಲೆ ಕಿಮೊನೊ, ಚೀನೀ ಡ್ರ್ಯಾಗನ್, ಕೊರಿಯಾದ ಮದುವೆಯ ಮರದ ಬಾತು ಮೂರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದರೆ ಮೂವರಿಗೂ ಮುಜುಗರ.

ಹೂವಿನ ವಿಷಯದಲ್ಲಿ ಮಾತ್ರ ಮೂವರೂ ಒಂದಾಗುತ್ತಾರೆ. ನಮ್ಮ ಅಲಂಕಾರದವರಿಗೆ ಸೇವಂತಿಗೆ ಎಂದರೆ ಪ್ರಾಣ. ಅಗ್ಗ, ಬೇಗ ಬಾಡುವುದಿಲ್ಲ, ಕಮಾನಿಗೆ ಕಟ್ಟುವುದಕ್ಕೂ ಸಲೀಸು. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಿಂದ ಮೂಟೆಗಟ್ಟಲೆ ತರುತ್ತಾರೆ. ಆದರೆ ಚೀನಾ, ಜಪಾನ್, ಕೊರಿಯಾ ಮೂರರಲ್ಲೂ ಬಿಳಿ ಸೇವಂತಿಗೆ ಶವಸಂಸ್ಕಾರದ ಹೂವು. ಚೀನೀಯರು ಹಳದಿಯನ್ನೂ ಸಮಾಧಿಗೆ ಇಡುತ್ತಾರೆ. (ಜಪಾನಿನ ರಾಜಮನೆತನದ ಲಾಂಛನವೇ ಸೇವಂತಿಗೆ ಎಂಬುದು ಬೇರೆ ಮಾತು, ಲಾಂಛನಕ್ಕೂ ಶವಪೆಟ್ಟಿಗೆಯ ಮೇಲಿನ ಹೂವಿಗೂ ಅವರು ಗೊಂದಲ ಮಾಡಿಕೊಳ್ಳುವುದಿಲ್ಲ.) ನಾನು ಅತಿಥಿಯಾಗಿ ಹೋಗಿದ್ದ ಒಂದು ಆರತಕ್ಷತೆಯಲ್ಲಿ ಬಾಗಿಲಿಗೆ ಬಿಳಿ ಸೇವಂತಿಗೆಯ ಭಾರಿ ಕಮಾನು ಕಟ್ಟಿದ್ದರು. ತೈವಾನಿನಿಂದ ಬಂದಿದ್ದ ವರನ ಅಜ್ಜಿ ಕಮಾನಿನ ಎದುರು ಬಂದು ನಿಂತರು, ಮೇಲೆ ನೋಡಿದರು, ಮೊಮ್ಮಗಳ ಕೈ ಹಿಡಿದು ಅಡುಗೆಯವರು ಓಡಾಡುವ ಪಕ್ಕದ ಬಾಗಿಲಿನಿಂದ ಒಳಗೆ ಬಂದರು. ಯಾರಿಗೂ ಏನೂ ಹೇಳಲಿಲ್ಲ. ಹೆಣ್ಣಿನ ಕಡೆಯವರು ಅಜ್ಜಿಗೆ ಮೆಟ್ಟಿಲು ಹತ್ತಲು ಕಷ್ಟವಾಯಿತೇನೋ ಎಂದುಕೊಂಡರು. ಕೆಂಪು ಗುಲಾಬಿ, ಆರ್ಕಿಡ್, ಆಂಥೂರಿಯಂ ಹಾಕಿಸಿ. ಮಲ್ಲಿಗೆ ಬೇಕೇ ಬೇಕೆಂದರೆ ಕೆಂಪು ಹೂವಿನ ಜೊತೆ ಸೇರಿಸಿ ಕಟ್ಟಿಸಿ.

ಇನ್ನು ದಿನಾಂಕ. ಇದು ನನ್ನ ತಲೆ ಅತಿ ಹೆಚ್ಚು ತಿನ್ನುವ ಭಾಗ. ನಾವು ಆಷಾಢ ಬಿಡುತ್ತೇವೆ. ಶ್ರಾವಣ ಬಂದ ಕೂಡಲೇ ಕಲ್ಯಾಣ ಮಂಟಪಗಳು ತುಂಬುತ್ತವೆ. ಚೀನೀ ಪಂಚಾಂಗದ ಏಳನೆಯ ತಿಂಗಳು ಪಿತೃಗಳಿಗೂ ಹಸಿದ ಪ್ರೇತಗಳಿಗೂ ಮೀಸಲು, ಆಗ ಅವರು ಮದುವೆ ಇಟ್ಟುಕೊಳ್ಳುವುದಿಲ್ಲ. ಅವರ ತಿಂಗಳೂ ನಮ್ಮದರಂತೆ ಅಮಾವಾಸ್ಯೆಯ ಲೆಕ್ಕದಲ್ಲೇ ನಡೆಯುವುದರಿಂದ ಆ ಏಳನೆಯ ತಿಂಗಳು ಸಾಮಾನ್ಯವಾಗಿ ಸರಿಯಾಗಿ ನಮ್ಮ ಶ್ರಾವಣದ ಮೇಲೇ ಬಂದು ಕೂರುತ್ತದೆ. 2023ರಲ್ಲಿ ಅದು ಆಗಸ್ಟ್ 16ರಿಂದ ಸೆಪ್ಟೆಂಬರ್ 14ರವರೆಗೆ ಇತ್ತು, ನಮ್ಮ ನಿಜ ಶ್ರಾವಣವೂ ಹೆಚ್ಚುಕಡಿಮೆ ಅವೇ ದಿನಗಳು. 2024ರಲ್ಲಿ ಆಗಸ್ಟ್ 4ರಿಂದ ಸೆಪ್ಟೆಂಬರ್ 2. 2025ರಲ್ಲಿ ಅವರಿಗೆ ಅಧಿಕ ಮಾಸ ಬಂದು ಭಾದ್ರಪದಕ್ಕೆ ಜಾರಿತು. ಹೀಗಾಗಿ ಆಷಾಢ ನಮ್ಮಿಂದ ಹೋಯಿತು, ಶ್ರಾವಣ ಅವರಿಂದ ಹೋಯಿತು, ಪಿತೃಪಕ್ಷ ಮತ್ತೆ ನಮ್ಮಿಂದ, ಧನುರ್ಮಾಸವೂ ನಮ್ಮಿಂದಲೇ. ಉಳಿಯುವುದು ಕಾರ್ತಿಕ ಮಾರ್ಗಶಿರದ ಕೆಲವು ವಾರಗಳು, ಮಾಘ ಫಾಲ್ಗುಣ, ಆಮೇಲೆ ಬೇಸಿಗೆ. ಜಪಾನಿನವರಾದರೆ ಆರು ದಿನಗಳ ಒಂದು ಚಕ್ರ ನೋಡುತ್ತಾರೆ: ತಾಯಿಆನ್ ಎಂಬ ದಿನ ಶುಭ, ಬುತ್ಸುಮೆತ್ಸು ಅಶುಭ. ಆ ಅಶುಭ ದಿನಕ್ಕೆ ಅಲ್ಲಿನ ಮದುವೆ ಹಾಲ್‌ಗಳು ರಿಯಾಯಿತಿ ಕೊಡುವುದೂ ಉಂಟು. ನಮ್ಮಲ್ಲಿ ಆಷಾಢಕ್ಕೆ ಸೀರೆ ಅಂಗಡಿಗಳು ಮಾಡುವುದೂ ಇದನ್ನೇ. ಹಾಗಾಗಿ ಎರಡೂ ಪಂಚಾಂಗಗಳನ್ನು ಎದುರುಬದುರು ಇಟ್ಟು ದಿನ ಗೊತ್ತುಮಾಡಿಕೊಂಡ ಮೇಲೆಯೇ ಮಂಟಪಕ್ಕೆ ಮುಂಗಡ ಕೊಡಿ.

ವಿದೇಶೀಯರೊಬ್ಬರು ಇದ್ದರೆ ನೋಂದಣಿ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಬೇಕಾಗುತ್ತದೆ. ವಿವಾಹ ಅಧಿಕಾರಿಗೆ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು, ಕೊಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು. ವಿಮಾನದ ಟಿಕೆಟ್ ತೆಗೆಸುವ ಮುಂಚೆ ಇದನ್ನು ಲೆಕ್ಕ ಹಾಕಿಕೊಳ್ಳಿ.

ಬೀಗರು ಚೀನೀ ಮೂಲದವರಾದರೆ ನನ್ನ ಖಚಿತ ಸಲಹೆ: ಅಲಂಕಾರದ ಖರ್ಚು ಅರ್ಧಕ್ಕೆ ಇಳಿಸಿ, ಚಹಾ ಶಾಸ್ತ್ರವನ್ನು ಸರಿಯಾಗಿ ಮಾಡಿಸಿ. ಚೀನೀ ಮನೆಯವರಿಗೆ ಧಾರೆ ಎಂಬುದಿದ್ದರೆ ಅದು ಇದೇ. ವಧೂವರರು ಮಂಡಿಯೂರಿ, ಎರಡೂ ಕೈಗಳಿಂದ ಹಿರಿಯರಿಗೆ ಚಹಾ ಕೊಡುತ್ತಾರೆ. ಚಹಾದಲ್ಲಿ ಕೆಂಪು ಖರ್ಜೂರದಂಥ ಹಣ್ಣು, ತಾವರೆ ಬೀಜ, ಬಾಯಿಗೆ ಸಿಹಿ. ಹಿರಿಯರು ಒಂದು ಗುಟುಕು ಕುಡಿದು ಕೆಂಪು ಲಕೋಟೆಯನ್ನೋ ಬಂಗಾರವನ್ನೋ ಕೊಟ್ಟು ಹರಸುತ್ತಾರೆ. ದಕ್ಷಿಣ ಚೀನಾ ಮೂಲದ ತಿಯೋಚ್ಯೂ ಪಂಗಡದ ಮನೆಯವರಾದರೆ ಅತ್ತೆ ಸೊಸೆಗೆ ನಾಲ್ಕು ಒಡವೆ ಕೊಡುವ ಪದ್ಧತಿ ಇದೆ: ಸರ, ಪದಕ, ಓಲೆ, ಕೈಬಳೆ. ನಾಲ್ಕು ಅಪಶಕುನವೆಂದು ನಾಲ್ಕನೆಯ ನಂಬರಿನ ಮೇಜನ್ನೇ ಇಡಗೊಡದ ಜನ ಬಂಗಾರ ನಾಲ್ಕಾದರೆ ಏನೂ ಅನ್ನುವುದಿಲ್ಲ.

ಈ ಶಾಸ್ತ್ರದ ಜೀವ ಇರುವುದು ಸರದಿಯಲ್ಲಿ. ಯಾರ ನಂತರ ಯಾರು ಕೂರಬೇಕು, ಅವರನ್ನು ಏನೆಂದು ಕರೆಯುತ್ತ ಚಹಾ ಕೊಡಬೇಕು ಎಂಬುದೇ ಎಲ್ಲ. ಅಜ್ಜ ಅಜ್ಜಿ ಮೊದಲೋ ಅಪ್ಪ ಅಮ್ಮ ಮೊದಲೋ ಎಂಬುದು ಮನೆಯಿಂದ ಮನೆಗೆ ಬೇರೆ, ಕೇಳಿಯೇ ತಿಳಿದುಕೊಳ್ಳಬೇಕು. ಕಂಪ್ಯೂಟರಿನಲ್ಲಿ "ಅಂಕಲ್ 1, ಅಂಕಲ್ 2" ಎಂದು ಪಟ್ಟಿ ಮಾಡಿಕೊಂಡು ಬರುವ ಹುಡುಗರನ್ನು ನಾನು ವಾಪಸು ಕಳಿಸುತ್ತೇನೆ. ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಅಣ್ಣತಮ್ಮಂದಿರು ಎಲ್ಲರಿಗೂ ಅವರಲ್ಲಿ ಬೇರೆ ಬೇರೆ ಸ್ಥಾನ, ಬೇರೆ ಬೇರೆ ಕರೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಕನ್ನಡದಲ್ಲೇ ಪಟ್ಟಿ ಮಾಡಿ. ಎರಡೂ ಮನೆಯವರಿಗೆ ತಟ್ಟನೆ ಹೊಂದುತ್ತದೆ. ಶಾಸ್ತ್ರವನ್ನು ಧಾರೆ ಮುಗಿದ ಮೇಲೆ, ಊಟಕ್ಕೆ ಮುಂಚೆ ಇಟ್ಟುಕೊಳ್ಳುವುದು ಅನುಕೂಲ. ವೇದಿಕೆಯ ಮೇಲೆ ಬೇಡ. ವೇದಿಕೆ ಎಂದ ಕೂಡಲೇ ಫೋಟೋದವರು ಹಿರಿಯರನ್ನು ಏಳಿಸಿ, ತಿರುಗಿಸಿ, ಮತ್ತೆ ಕೂರಿಸುತ್ತಾರೆ, ಚಹಾ ಆರಿ ಹೋಗುತ್ತದೆ. ಒಂದು ಕೋಣೆ, ಎರಡು ಕುರ್ಚಿ, ಎರಡು ಕೆಂಪು ದಿಂಬು, ಮುಚ್ಚಳವಿರುವ ಬಟ್ಟಲು, ಬಿಸಿನೀರಿಗೆ ಒಬ್ಬ ಜವಾಬ್ದಾರಿಯ ಮನುಷ್ಯ, ಇಷ್ಟು ಸಾಕು. ನಮ್ಮ ಕಡೆಯ ಹಿರಿಯರಿಗೂ ಚಹಾ ಕೊಡಿಸಿ. ಮೊದಲು ಮುಜುಗರಪಡುತ್ತಾರೆ, ಆಮೇಲೆ ಸರದಿಯಲ್ಲಿ ತಮ್ಮನ್ನು ಕರೆಯಲಿಲ್ಲವೆಂದು ಮುನಿಸಿಕೊಳ್ಳುವವರೂ ಅವರೇ.

ಸಂಜೆಯ ಔತಣದ ಬಗ್ಗೆ ಒಂದು ಮಾತು. ನಮ್ಮ ಆರತಕ್ಷತೆಯಲ್ಲಿ ಅತಿಥಿಗಳು ಸಾಲುಗಟ್ಟಿ ವಧೂವರರ ಬಳಿಗೆ ಹೋಗುತ್ತಾರೆ. ಚೀನೀ ಔತಣದಲ್ಲಿ ವಧೂವರರೇ ಮೇಜಿನಿಂದ ಮೇಜಿಗೆ ಬರುತ್ತಾರೆ. ಮೇಜಿಗೆ ಹತ್ತು ಜನ, ಸಾಮಾನ್ಯವಾಗಿ ಎಂಟು ಬಗೆ, ಒಂದಾದ ಮೇಲೊಂದು. ಸಾವಿರ ಜನರನ್ನು ಕರೆದು ಇದನ್ನು ಮಾಡಲಾಗದು. ಇನ್ನೂರು ಜನರ ಒಳಗಾದರೆ ಮಾಡಿ, ಉಳಿದವರಿಗೆ ಊರಲ್ಲಿ ಬೀಗರೂಟ ಹಾಕಿಸಿ. ಬಾಗಿಲಲ್ಲಿ ಮೇಜು ಹಾಕಿ ಕೆಂಪು ಲಕೋಟೆ ಪಡೆದು ಹೆಸರು ಬರೆದುಕೊಳ್ಳುತ್ತಾರೆ, ಅದು ನಮ್ಮ ಮುಯ್ಯಿಯೇ, ನೆಂಟರಿಗೆ ವಿವರಿಸುವ ಕಷ್ಟವಿಲ್ಲ. ಸಿಂಗಪುರದಲ್ಲಿ ಅತಿಥಿ ತನ್ನ ಊಟದ ಖರ್ಚಿನಷ್ಟಾದರೂ ಲಕೋಟೆಯಲ್ಲಿಡುವುದು ವಾಡಿಕೆ, ಯಾವ ಹೋಟೆಲಿಗೆ ಎಷ್ಟು ಎಂಬ ಪಟ್ಟಿಗಳೇ ಇಂಟರ್ನೆಟ್‌ನಲ್ಲಿ ಓಡಾಡುತ್ತವೆ. ಇಲ್ಲಿಯವರಿಂದ ಅದನ್ನು ನಿರೀಕ್ಷಿಸಬೇಡಿ. ಹಾಗೆಯೇ ನಮ್ಮವರು ಪ್ರೀತಿಯಿಂದ ಕೊಡುವ ಗೋಡೆ ಗಡಿಯಾರ ಅವರಿಗೆ ಅಪಶಕುನ, ಮೊದಲೇ ಹೇಳಿಬಿಡಿ. ಕೊನೆಗೆ "ಯಾಮ್ ಸೆಂಗ್" ಕೂಗು. ಲೋಟ ಎತ್ತಿ "ಯಾ…ಮ್" ಎಂದು ಉಸಿರು ಮುಗಿಯುವವರೆಗೆ ಎಳೆದು "ಸೆಂಗ್" ಎಂದು ಮುಗಿಸಬೇಕು, ಮೂರು ಸಲ. ಲೋಟದಲ್ಲಿ ಪಾನಕವಿದ್ದರೂ ನಡೆಯುತ್ತದೆ. ಸೋದರಮಾವಂದಿರು ಇದರಲ್ಲಿ ಯಾವ ತರಬೇತಿಯೂ ಇಲ್ಲದೆ ಗೆಲ್ಲುತ್ತಾರೆ.

ಸಸ್ಯಾಹಾರ ಹೇಗೆ ಎಂಬುದು ಎಲ್ಲ ತಾಯಂದಿರ ಚಿಂತೆ. ಚೀನೀ ಬೌದ್ಧರ ಸಸ್ಯಾಹಾರ ನಮ್ಮ ಮಡಿಯ ಅಡುಗೆಗಿಂತ ಒಂದು ಕೈ ಮೇಲು: ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಸಾಲದ್ದಕ್ಕೆ ಇಂಗೂ ನಿಷಿದ್ಧ. ತೋಫು, ಅಣಬೆ, ತಾವರೆ ದಂಟು, ಉದ್ದನೆಯ ನೂಡಲ್ಸ್ ಇಟ್ಟುಕೊಂಡು ಎಂಟು ಬಗೆ ಆರಾಮವಾಗಿ ಆಗುತ್ತದೆ. ನೂಡಲ್ಸ್ ದೀರ್ಘಾಯುಷ್ಯದ ಗುರುತು, ಅದನ್ನು ತುಂಡರಿಸಬಾರದು. ಅಪಾಯ ಇರುವುದು ಸಾಸ್‌ಗಳಲ್ಲಿ. ಹುರಿದ ಸೊಪ್ಪಿಗೆ ಕಡಲ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಸುರಿದಿರುತ್ತಾರೆ. ಅಣಬೆಯಿಂದ ಮಾಡಿದ ಸಾಸ್ ಸಿಗುತ್ತದೆ, ಅದನ್ನೇ ತರಿಸಿ. ಜಪಾನಿನ ಊಟವಾದರೆ ಇನ್ನೂ ಎಚ್ಚರ ಬೇಕು. ಬರೀ ತರಕಾರಿಯ ಸೂಪ್ ಎಂದು ಬಡಿಸಿದ್ದರಲ್ಲೂ ತಳದಲ್ಲಿ ಒಣಮೀನಿನ ಸಾರ ಇರುತ್ತದೆ. "ಮೀನು ಇದೆಯೇ" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ಅವರ ದೃಷ್ಟಿಯಲ್ಲಿ ನಿಜವೂ ಹೌದು. "ಸಾರವನ್ನು ಕೊಂಬು ಎಂಬ ಕಡಲಪಾಚಿ, ಒಣ ಅಣಬೆಯಿಂದಲೇ ತೆಗೆಯಿರಿ" ಎಂದು ಬಿಡಿಸಿ ಹೇಳಬೇಕು.

ಇನ್ನು ಎರಡನೆಯ ಪಂಗಡ, ಯಾವ ನಂಟೂ ಇಲ್ಲದೆ ಬರೀ ಇಷ್ಟದಿಂದ ಕೇಳುವವರು. ಇವರನ್ನು ನಾನು ಗೇಲಿ ಮಾಡುವುದಿಲ್ಲ. ಜಪಾನಿನವರು ತಮ್ಮದೇ ಎನ್ನುವ ಶಿಂತೊ ದೇವಾಲಯದ ಮದುವೆಯೂ ಜನಸಾಮಾನ್ಯರಿಗೆ ಬಂದದ್ದು 1900ರಲ್ಲಿ ಯುವರಾಜ ಯೊಶಿಹಿತೊ ಅವರ ಮದುವೆ ಅರಮನೆಯ ಪೂಜಾಸ್ಥಳದಲ್ಲಿ ನಡೆದ ಮೇಲೆ. ಟೋಕಿಯೋದ ದೇವಾಲಯವೊಂದು ಅದೇ ಮಾದರಿಯನ್ನು ಎಲ್ಲರಿಗೂ ತೆರೆಯಿತು. ಚೀನೀ ಉಡುಪೆಂದು ನಾವು ಗುರುತಿಸುವ ಚಿಪಾವ್ ಈಗಿನ ರೂಪ ಪಡೆದದ್ದು 1920ರ ದಶಕದ ಶಾಂಘೈನಲ್ಲಿ. ಮದುವೆಯ ಫ್ಯಾಶನ್ ಎಲ್ಲ ಕಡೆಯೂ ಬದಲಾಗುತ್ತಲೇ ಬಂದಿದೆ. ಆದರೂ ಮೂರು ಬಟ್ಟಲುಗಳಿಂದ ಸಾಕೆ ಎಂಬ ಅಕ್ಕಿಯ ಮದ್ಯ ಗುಟುಕರಿಸುವ ಜಪಾನಿನ ಶಾಸ್ತ್ರವನ್ನೋ, ಅತ್ತೆಮಾವ ಎಸೆದ ಖರ್ಜೂರದಂಥ ಹಣ್ಣು, ಚೆಸ್ಟ್‌ನಟ್‌ಗಳನ್ನು ಬಟ್ಟೆಯಲ್ಲಿ ಹಿಡಿಯುವ ಕೊರಿಯಾದ ಪೇಬೆಕ್ ಅನ್ನೋ ವೇದಿಕೆಯ ಮೇಲೆ ಆಟದಂತೆ ಮಾಡಿಸಿ ಎಂದರೆ ನಾನು ಒಲ್ಲೆ ಎನ್ನುತ್ತೇನೆ. ನಮ್ಮ ಸಪ್ತಪದಿಯನ್ನು ಯಾರಾದರೂ ಹೋಟೆಲಿನಲ್ಲಿ ಡಿಜೆ ಹಾಕಿಕೊಂಡು ಮಾಡಿದರೆ ನಮಗೂ ಚೆನ್ನಾಗಿ ಕಾಣುವುದಿಲ್ಲ.

ಉಡುಪು, ಊಟ, ಕಾಗದದ ಅಲಂಕಾರ, ಇವು ಮುಕ್ತ. ಹಾನ್‌ಬೊಕ್ ತೊಡಿ, ಆದರೆ ಸರಿಯಾಗಿ ಹೊಲಿಸಿ. ಕಿಮೊನೊ ಆದರೆ ಎಡ ಅಂಚು ಮೇಲೆ ಬರಬೇಕು, ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಕಾಗದದ ಕೊಕ್ಕರೆಗಳನ್ನು ಮನೆಮಂದಿಯೆಲ್ಲ ಕೂತು ಮಡಿಸಿ, ಬಾಡಿಗೆಯ ಪ್ಲಾಸ್ಟಿಕ್ ಚೆರ್ರಿ ಮರಕ್ಕಿಂತ ಎಷ್ಟೋ ಮೇಲು. ಕೊರಿಯಾದಲ್ಲಿ ಮದುವೆಗೆ ಬಂದವರಿಗೆ ನೂಡಲ್ಸ್ ಹಾಕುವುದು ವಾಡಿಕೆ, ಅದನ್ನು ತರಕಾರಿ ಸಾರಿನಲ್ಲಿ ಮಾಡಿಸಿ. ಅನ್ನದ ಬಟ್ಟಲಿನಲ್ಲಿ ಚಾಪ್‌ಸ್ಟಿಕ್ ನೆಟ್ಟು ಫೋಟೋ ತೆಗೆಸಬೇಡಿ, ಹಾಗೆ ನೆಡುವುದು ಸತ್ತವರಿಗೆ ಎಡೆ ಇಡುವಾಗ.

ಗೋಬಿ ಮಂಚೂರಿ ಇಡಬಹುದೇ ಎಂದು ಕೊನೆಯಲ್ಲಿ ಎಲ್ಲರೂ ಸಂಕೋಚದಿಂದ ಕೇಳುತ್ತಾರೆ. ಧಾರಾಳವಾಗಿ ಇಡಿ. ನಮ್ಮ ದೇಶದಲ್ಲೇ ಹುಟ್ಟಿದ ತಿನಿಸು, ಬೀಜಿಂಗ್‌ನಿಂದ ಬಂದ ಬೀಗರಿಗೂ ಹೊಸದು, ಎರಡನೆಯ ಸಲ ತಟ್ಟೆ ಹಿಡಿದು ಬರುತ್ತಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ, ಅಡುಗೆಯವರಿಗೆ ನೆನಪಿಸಿ. ಕೌಂಟರಿನ ಮೇಲೆ ಮಾತ್ರ "ಚೈನೀಸ್" ಎಂದು ಫಲಕ ಬರೆಸಬೇಡಿ.