ಮುಚ್ಚಿದ ಡಬ್ಬಿಯೊಳಗಿನ ಗಾಳಿ

ಎಂಎಸ್ಸಿ ಎರಡನೇ ವರ್ಷದ ಪ್ರಾಜೆಕ್ಟ್ ನಡೆಯುತ್ತಿತ್ತು. ಊರಿನ ಅಡಿಕೆ ತೋಟದ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಬೇರ್ಪಡಿಸಿ ಪೆಟ್ರಿ ಪ್ಲೇಟುಗಳಲ್ಲಿ, ಅಂದರೆ ಮುಚ್ಚಳವಿರುವ ಚಪ್ಪಟೆ ತಟ್ಟೆಗಳಲ್ಲಿ, ಬೆಳೆಸಿದ್ದೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಅದರಲ್ಲಿ ಈ ಬ್ಯಾಕ್ಟೀರಿಯಾಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ದೊಡ್ಡದು. ಪ್ಲೇಟಿನ ಮುಚ್ಚಳ ಸ್ವಲ್ಪ ಎತ್ತಿದರೂ ಸಾಕು, ನನಗೆ ತೋಟ ನೆನಪಾಗುತ್ತಿತ್ತು.

ಆ ವಾರ ಇನ್‌ಕ್ಯುಬೇಟರ್ ತುಂಬಿತ್ತು. ಬೇರೆ ದಾರಿ ಕಾಣದೆ ನನ್ನ ಯೀಸ್ಟ್ ಪ್ಲೇಟುಗಳನ್ನೂ, ಐದು ದಿನ ಬೆಳೆದ ಸ್ಟ್ರೆಪ್ಟೊಮೈಸಿಸ್ ಪ್ಲೇಟುಗಳನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಯೀಸ್ಟ್ ಕಾಲೊನಿಗಳು (ಒಟ್ಟಾಗಿ ಬೆಳೆದ ಗುಂಪುಗಳು) ರಾಗಿ ಕಾಳಿಗಿಂತ ಚಿಕ್ಕವು. ಅದೇ ದಿನ, ಅದೇ ಕಲ್ಚರ್‌ನಿಂದ ಹಾಕಿ ಮೇಲಿನ ಶೆಲ್ಫಿನಲ್ಲಿಟ್ಟಿದ್ದ ಪ್ಲೇಟಿನಲ್ಲಿ ದುಂಡಗೆ, ಬೆಣ್ಣೆ ಬಣ್ಣಕ್ಕೆ ಚೆನ್ನಾಗಿ ಬೆಳೆದಿದ್ದವು.

ಮೀಡಿಯಾ, ಅಂದರೆ ಪ್ಲೇಟಿನಲ್ಲಿ ಅವುಗಳಿಗೆ ಹಾಕಿದ ಆಹಾರ, ಕೆಟ್ಟಿದೆ ಅಂದುಕೊಂಡು ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಅವರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, "ಈ ವಾಸನೆ ಗಮನಿಸಿದ್ಯಾ?" ಅಂದರು. ಮಣ್ಣಿನ ವಾಸನೆಯ ಜೊತೆಗೆ ಒಣಮೀನಿನಂಥ ಘಾಟು, ಅಮೋನಿಯಾದ ಚುರುಕು. "ಮುಟ್ಟದೇ ಇದ್ದರೂ ಒಂದೇ ಗಾಳಿಯಲ್ಲಿ ಇದ್ದವಲ್ಲ. ಮಧ್ಯೆ ಗೋಡೆ ಇರೋ ಪ್ಲೇಟ್ ತಗೊಂಡು ನೋಡು."

ಆಮೇಲೆ ಅವರೇ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೇರಿ ಎಲಿಯಟ್ ತಂಡ 2017ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಹೇಳಿದರು. ಸ್ಟ್ರೆಪ್ಟೊಮೈಸಿಸ್ ಇದ್ದಲ್ಲೇ ಬೇರೂರುವ ಜೀವಿ ಎಂದೇ ಎಲ್ಲರೂ ನಂಬಿದ್ದರು. ಆದರೆ ಪಕ್ಕದಲ್ಲಿ ಯೀಸ್ಟ್ ಬೆಳೆಸಿದಾಗ ಸ್ಟ್ರೆಪ್ಟೊಮೈಸಿಸ್ ಪ್ಲೇಟಿನ ಉದ್ದಕ್ಕೂ ಹರಡಿತು, ಅಡ್ಡ ಇಟ್ಟ ಕಲ್ಲನ್ನೂ ಹತ್ತಿತು! ಯೀಸ್ಟ್ ಗ್ಲೂಕೋಸ್ ತಿಂದು ಮುಗಿಸಿದ್ದೇ ಅದಕ್ಕೆ ಸೂಚನೆ. ಹಾಗೆ ಹರಡುವಾಗ ಅದು ಟ್ರೈಮೀಥೈಲಮೀನ್ ಎಂಬ ಅನಿಲ ಬಿಡುತ್ತದೆ. ಹಳಸಿದ ಮೀನಿನ ವಾಸನೆ ಅದರದ್ದೇ. ದೂರದ ಸ್ಟ್ರೆಪ್ಟೊಮೈಸಿಸ್‌ಗೂ ಅದು ಗಾಳಿಯಲ್ಲೇ ಸುದ್ದಿ ಮುಟ್ಟಿಸುತ್ತದೆ.

ಗೋಡೆ ಇರುವ ಪ್ಲೇಟು ತಂದೆ. ಒಂದು ಕಡೆ ಗ್ಲೂಕೋಸ್ ಇಲ್ಲದ ಮೀಡಿಯಾದಲ್ಲಿ ಬ್ಯಾಕ್ಟೀರಿಯಾ. ಸಕ್ಕರೆ ಇಲ್ಲದಿದ್ದರೆ ಅದು ಅಮೈನೋ ಆಮ್ಲಗಳನ್ನೇ ಉರಿಸಬೇಕು, ಆಗ ಅಮೋನಿಯಾ ಹೊರಬರುತ್ತದೆ. ಇನ್ನೊಂದು ಕಡೆ ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣ ಬೆರೆಸಿದ ಅಗರ್ (ಜೆಲ್ಲಿಯಂತೆ ಗಟ್ಟಿಯಾದ ಮೀಡಿಯಾ) ಮೇಲೆ ಯೀಸ್ಟ್. ಈ ಬಣ್ಣ ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ನೀಲಿ. ಯೀಸ್ಟ್ ಸಕ್ಕರೆ ತಿನ್ನುತ್ತಾ ಸುತ್ತಲೂ ಹುಳಿ ಮಾಡುತ್ತದೆ, ಹಾಗಾಗಿ ಅದೊಂದೇ ಇದ್ದ ಪ್ಲೇಟು ಹಳದಿಗೆ ತಿರುಗಿತು. ಬ್ಯಾಕ್ಟೀರಿಯಾ ಪಕ್ಕದಲ್ಲಿದ್ದ ಪ್ಲೇಟು ನೀಲಿಯಾಗಿಯೇ ಉಳಿಯಿತು. ಗೋಡೆಯನ್ನು ಒಂದು ಹನಿಯೂ ದಾಟಿರಲಿಲ್ಲ. ಎಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತೆನೋ.

ಕ್ಷಾರ ಅಂದರೆ ಯೀಸ್ಟ್‌ಗೆ ಯಾಕೆ ಕಷ್ಟ? ಅದು ತನಗೆ ಬೇಕಾದ ಎಷ್ಟೋ ವಸ್ತುಗಳನ್ನು ಒಳಗೆ ಎಳೆದುಕೊಳ್ಳುವುದು ಹೊರಗಿನ ಪ್ರೋಟಾನ್‌ಗಳ (ಆಮ್ಲದಲ್ಲಿ ಹೆಚ್ಚಿರುವ ಹೈಡ್ರೋಜನ್ ಕಣಗಳ) ಒತ್ತಡದಿಂದ. ಹೊರಗೆ ಕ್ಷಾರವಾದರೆ ಆ ಒತ್ತಡ ಕುಸಿಯುತ್ತದೆ. ಜೊತೆಗೆ ಕಬ್ಬಿಣ ಕರಗದೆ ಕೂರುತ್ತದೆ. ಎದುರಿಗೇ ಇದ್ದರೂ ಕೈಗೆ ಸಿಗದ ಊಟ. ಎಲಿಯಟ್ ತಂಡ 2019ರಲ್ಲಿ ತೋರಿಸಿದ್ದೂ ಇದನ್ನೇ: ಟ್ರೈಮೀಥೈಲಮೀನ್ ಕ್ಷಾರ ಏರಿಸಿ, ಕಬ್ಬಿಣ ಸಿಗದಂತೆ ಮಾಡಿ, ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಬೆಳವಣಿಗೆ ತಗ್ಗಿಸುತ್ತದೆ.

ನನ್ನ ಪ್ಲೇಟಿನಲ್ಲೂ ಕ್ಷಾರ ಅನಿಲದ್ದೇ ಕೆಲಸವಾ ಅಂತ ಖಾತ್ರಿ ಆಗಬೇಕಿತ್ತು. ಮೂರು ಭಾಗದ ಪ್ಲೇಟು ತಂದು, ಮೂರನೇ ಭಾಗಕ್ಕೆ ಸಿಟ್ರಿಕ್ ಆಮ್ಲ ಹಾಕಿದೆ. ಗಾಳಿಯಲ್ಲಿರುವ ಕ್ಷಾರವನ್ನು ಅದು ಹೀರಿಕೊಳ್ಳಬೇಕು ಅಂತ ಲೆಕ್ಕ. ಇನ್ನೊಂದು ಪ್ಲೇಟಿನ ಅದೇ ಜಾಗಕ್ಕೆ ಬರೀ ನೀರು. ಚಿಕ್ಕದಾಗಿ ಉಳಿದಿದ್ದ ಹಳೇ ಕಾಲೊನಿಗಳು ಸತ್ತೇ ಹೋಗಿವೆಯಾ ಅಂತ ನೋಡಲು ಅವುಗಳಿಂದ ಒಂದಿಷ್ಟು ತೆಗೆದು ಹೊಸ ಮೀಡಿಯಾದ ಮೇಲೂ ಎಳೆದು ಬೇರೆ ಕಡೆ ಇಟ್ಟೆ.

ಎರಡು ದಿನದ ನಂತರ ಬೆಳಿಗ್ಗೆ ಏಳಕ್ಕೇ ಲ್ಯಾಬ್‌ಗೆ ಹೋದೆ. ನೀರಿನ ಪ್ಲೇಟು ನೀಲಿ, ಕಾಲೊನಿಗಳು ಚುಕ್ಕಿಗಳಷ್ಟೇ. ಆಮ್ಲ ಇದ್ದ ಪ್ಲೇಟಿನಲ್ಲಿ ಯೀಸ್ಟ್ ದಪ್ಪಗೆ ಎದ್ದಿತ್ತು, ಸುತ್ತ ಹಳದಿ. ಹೊಸ ಮೀಡಿಯಾಕ್ಕೆ ಸಾಗಿಸಿದ್ದೂ ಸತ್ತಿರಲಿಲ್ಲ, ಗೆರೆ ಗೆರೆಯಾಗಿ ಬೆಳೆದಿತ್ತು. ಮೇಡಂ ಬರುವವರೆಗೂ ಆ ಮೂರೂ ಪ್ಲೇಟುಗಳನ್ನು ಕಿಟಕಿ ಬೆಳಕಿಗೆ ಸಾಲಾಗಿ ಇಟ್ಟು ಕಾದೆ.