ಚೆಸ್ ಎಂಜಿನ್‌ನ ಎನ್‌ಪಿಎಸ್ ಲೆಕ್ಕ ತಪ್ಪುವುದು ಎಲ್ಲಿ?

ಎಂಜಿನ್ ಒಂದು ಸೆಕೆಂಡಿಗೆ ಎಷ್ಟು ನೋಡ್, ಅಂದರೆ ಎಷ್ಟು ಸ್ಥಾನ, ಹುಡುಕುತ್ತದೆ ಅನ್ನುವುದೇ ಎನ್‌ಪಿಎಸ್. ಎಂಜಿನ್ ಮತ್ತು ಚೆಸ್ ತಂತ್ರಾಂಶ ಮಾತಾಡಿಕೊಳ್ಳುವ ಯುಸಿಐ ಎಂಬ ಸಂವಹನ ಕ್ರಮದಲ್ಲಿ ಸಮಯ ಇರುವುದು ಮಿಲಿಸೆಕೆಂಡಿನಲ್ಲಿ. ಹಾಗಾಗಿ ನೋಡ್ ಸಂಖ್ಯೆಯನ್ನು 1000ದಿಂದ ಗುಣಿಸಿ, ಕಳೆದ ಸಮಯದಿಂದ ಭಾಗಿಸಿದರಾಯಿತು. ಒಂದೇ ಸಾಲು. ಎಡವುವುದೂ ಅಲ್ಲೇ.

ಆಟದ ಆರಂಭದ ಸ್ಥಾನದಿಂದ ಪರ್ಫ್ಟ್ ಓಡಿಸಿ ನೋಡಿ; ಅದು ನಿಗದಿತ ಆಳದವರೆಗೆ, ಅಂದರೆ ಅಷ್ಟು ನಡೆ ಮುಂದಿನವರೆಗೆ, ಎಲ್ಲ ಸಾಧ್ಯತೆಗಳನ್ನು ಎಣಿಸುವ ಪರೀಕ್ಷೆ. ಆಳ 4ರಲ್ಲಿ 1,97,281 ನೋಡ್, ಎನ್‌ಪಿಎಸ್ ಸರಿಯಾಗಿಯೇ ಬರುತ್ತದೆ. ಆಳ 5ರಲ್ಲಿ 48,65,609. ಇದಕ್ಕೆ 500 ಮಿಲಿಸೆಕೆಂಡ್ ಹಿಡಿದರೆ ವೇಗ 97,31,218 ಬರಬೇಕು. ಅದರ ಬದಲು 11,41,283 ಕಂಡರೆ ನಡೆಗಳನ್ನು ಹುಟ್ಟಿಸುವ ಮೂವ್ ಜನರೇಟರನ್ನು ಕೆದಕುತ್ತ ಕೂರಬೇಡಿ, ನೋಡ್ ಎಣಿಸುವ ಕೌಂಟರ್ 32 ಬಿಟ್‌ನದು. ಗುಣಿಸಿದಾಗ 486 ಕೋಟಿ ದಾಟುತ್ತದೆ. 32 ಬಿಟ್‌ಗೆ ಹಿಡಿಸುವುದು 429 ಕೋಟಿ ಚಿಲ್ಲರೆ. ಉಳಿದ 57 ಕೋಟಿಯನ್ನಷ್ಟೇ ಎಂಜಿನ್ 500ರಿಂದ ಭಾಗಿಸಿದೆ. ಮೈನಸ್ ಸಂಖ್ಯೆಯನ್ನೂ ಹಿಡಿಯುವ ಸೈನ್ಡ್ ಇಂಟ್ ಆಗಿದ್ದರೆ ಸುಮಾರು 21.5 ಲಕ್ಷ ನೋಡ್‌ಗೇ ಕೆಡುತ್ತದೆ, ಮೈನಸ್ ಎನ್‌ಪಿಎಸ್ ಕೂಡ ಕಾಣಬಹುದು.

ಕೌಂಟರನ್ನೇ ಅನ್‌ಸೈನ್ಡ್ 64 ಬಿಟ್ ಮಾಡಿ. ಗುಣಿಸಿದ ಮೇಲೆ 64 ಬಿಟ್‌ಗೆ ಕಾಸ್ಟ್ ಮಾಡಿ (ವಿಧ ಬದಲಿಸಿ) ಪ್ರಯೋಜನವಿಲ್ಲ, ಅಷ್ಟರಲ್ಲಿ ಮೇಲಿನ ಬಿಟ್‌ಗಳು ಹೋಗಿರುತ್ತವೆ. ಮೊದಲು ಸಮಯವನ್ನು 1000ದಿಂದ ಭಾಗಿಸಿಕೊಳ್ಳುವ ಉಪಾಯ ಇನ್ನೂ ಕೆಟ್ಟದ್ದು: ಪೂರ್ಣಾಂಕ ಭಾಗಾಕಾರದಲ್ಲಿ 1999 ಮಿಲಿಸೆಕೆಂಡ್ 1 ಸೆಕೆಂಡ್ ಆಗಿ ವೇಗ ದುಪ್ಪಟ್ಟಾಗುತ್ತದೆ, ಮೊದಲ ಸೆಕೆಂಡಿನೊಳಗೆ ಛೇದ ಸೊನ್ನೆಯಾಗಿ ಎಂಜಿನ್ನೇ ಬೀಳುತ್ತದೆ. ಸೊನ್ನೆಯ ಕಾಟ ಸರಿಯಾದ ಸೂತ್ರದಲ್ಲೂ ಇದೆ, ಏಕೆಂದರೆ ಆಳ 1 ಮುಗಿಯಲು ಒಂದು ಮಿಲಿಸೆಕೆಂಡೂ ಬೇಕಿಲ್ಲ. ಸ್ಟಾಕ್‌ಫಿಶ್ ಎಂಜಿನ್‌ನ ಬೆಂಚ್ (ವೇಗ ಅಳೆಯುವ ಪರೀಕ್ಷೆ) ಕಳೆದ ಸಮಯಕ್ಕೆ 1 ಕೂಡಿಸಿಕೊಂಡೇ ಭಾಗಿಸುತ್ತದೆ.

ಒಂದು ಥ್ರೆಡ್‌ನಲ್ಲಿ (ಏಕಕಾಲದಲ್ಲಿ ಓಡಬಲ್ಲ ಕೆಲಸದ ಎಳೆಯಲ್ಲಿ) ಸರಿಯಿದ್ದು, ಲಿನಕ್ಸ್‌ನಲ್ಲಿ 4 ಥ್ರೆಡ್ ಕೊಟ್ಟರೂ ವೇಗ ಏರದಿದ್ದರೆ ಸಮಯ ಎಲ್ಲಿಂದ ಬರುತ್ತಿದೆ ನೋಡಿ. ಸಿ ಭಾಷೆಯ ಕ್ಲಾಕ್ ಫಂಕ್ಷನ್ ಅಲ್ಲಿ ಎಲ್ಲ ಥ್ರೆಡ್‌ಗಳ ಸಿಪಿಯು ಸಮಯವನ್ನು ಕೂಡಿಸಿ ಕೊಡುತ್ತದೆ. ಒಂದು ಸೆಕೆಂಡ್ ಹತ್ತಿರಹತ್ತಿರ ನಾಲ್ಕಾಗುತ್ತದೆ. ಮೈಕ್ರೋಸಾಫ್ಟ್ ಲೈಬ್ರರಿಯಲ್ಲಿ ಅದೇ ಫಂಕ್ಷನ್ ನಿಜವಾಗಿ ಕಳೆದ ಸಮಯವನ್ನು ಕೊಡುವುದರಿಂದ ವಿಂಡೋಸ್‌ನಲ್ಲಿ ತಪ್ಪು ಬಯಲಾಗುವುದೇ ಇಲ್ಲ. ತೋರಿಕೆಯ ಸಂಖ್ಯೆ ತಾನೇ ಎಂದು ಬಿಡುವ ಹಾಗೂ ಇಲ್ಲ: ಯೋಚನೆ ಯಾವಾಗ ನಿಲ್ಲಿಸಬೇಕು ಎಂಬುದಕ್ಕೂ ಇದೇ ಗಡಿಯಾರ ಬಳಸಿದ್ದರೆ, ಎಂಜಿನ್ ಸಿಕ್ಕ ಸಮಯದ ಕಾಲು ಭಾಗದಲ್ಲೇ ನಡೆ ಆಡಿಬಿಡುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಸ್ಟೆಡಿ ಕ್ಲಾಕ್ ಬಳಸಿ. ಸಿಸ್ಟಮ್ ಕ್ಲಾಕ್ ಬೇಡ, ಇಂಟರ್ನೆಟ್‌ನಿಂದ ಗಂಟೆ ಸರಿಪಡಿಸಿಕೊಂಡಾಗ ಅದು ಹಿಂದೆಮುಂದೆ ಜಿಗಿಯುತ್ತದೆ.

ತಿದ್ದಿದ ಮೇಲೆ ಒಂದೇ ಥ್ರೆಡ್, ನಿಗದಿತ ಆಳ, ಅದೇ ಹ್ಯಾಶ್ (ನೋಡಿದ ಸ್ಥಾನಗಳನ್ನು ನೆನಪಿಡುವ ಕೋಷ್ಟಕ) ಗಾತ್ರ ಇಟ್ಟು ಬೆಂಚ್ ಓಡಿಸಿ. ಒಟ್ಟು ನೋಡ್ ಸಂಖ್ಯೆ ಮೊದಲಿನಷ್ಟೇ ಇರಬೇಕು. ಒಂದು ನೋಡ್ ವ್ಯತ್ಯಾಸ ಬಂದರೂ ನಿಮ್ಮ ಕೈ ನಡೆ ಹುಡುಕುವ ಸರ್ಚ್ ಕೋಡ್‌ಗೆ ತಗುಲಿದೆ.